ಇಂಗ್ಲಿಷ್ ಮನೆತನದ ಮೂಲ ಹುಡುಕುವವರು ಮೂಲ ಪುಟವನ್ನೇ ನೋಡಬೇಕು

ಮಾನ್ಯ ಸಂಪಾದಕರೆ,

ಇಂಗ್ಲೆಂಡಿನ ಕುಟುಂಬವೊಂದರ ಪೂರ್ವಿಕರನ್ನು ಹುಡುಕುವ ಬಗೆ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನಕ್ಕೆ ಇದು ಪ್ರತಿಕ್ರಿಯೆ. ಅಲ್ಲಿನ ಮನೆತನಗಳೊಂದಿಗೆ ನೆಂಟಸ್ತನ ಬೆಳೆಸಿದ ಕನ್ನಡಿಗರು ಈಗ ಸಾಕಷ್ಟಿದ್ದಾರೆ. ಹಾಗಾಗಿ ಈ ವಿಷಯ ಎತ್ತಿಕೊಂಡಿದ್ದು ಒಳ್ಳೆಯದೇ ಆಯಿತು. ಆದರೆ ವೆಬ್‌ಸೈಟಿನಲ್ಲಿ ಹೆಸರು ಮತ್ತು ಹುಟ್ಟಿದ ವರ್ಷ ಕೊಟ್ಟರೆ ನಾಲ್ಕು ನೂರು ವರ್ಷಗಳ ವಂಶವೃಕ್ಷ ತಾನಾಗಿ ಸಿಗುತ್ತದೆ ಎಂಬ ಧಾಟಿಯ ಮಾತು ಓದುಗರನ್ನು ದಾರಿ ತಪ್ಪಿಸುತ್ತದೆ. ಹಾಗೆ ಸಿಗುವ ವಂಶವೃಕ್ಷಗಳು ಹೆಚ್ಚಾಗಿ ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಮಾಡಿದವು. ಮೊದಲನೆಯವರ ತಪ್ಪು ಐವತ್ತು ಕಡೆ ಕಾಣಿಸಿಕೊಂಡಾಗ ಅದೇ ನಿಜವೆಂದು ತೋರುತ್ತದೆ. ಸೂಚಿಯಲ್ಲಿ, ಅಂದರೆ ಮೂಲ ದಾಖಲೆಗಳಿಂದ ತೆಗೆದ ಹೆಸರುಗಳ ಪಟ್ಟಿಯಲ್ಲಿ, ಹೆಸರು ಸಿಕ್ಕಿತೆಂದರೆ ಆ ವ್ಯಕ್ತಿ ಸಿಕ್ಕಂತೆ ಆಗಲಿಲ್ಲ. ಸಿಕ್ಕವನು ನಮ್ಮವನೇ ಎಂದು ತೋರಿಸುವುದರ ಜೊತೆಗೆ, ಅದೇ ಹೆಸರಿನ ಉಳಿದವರು ನಮ್ಮವರಲ್ಲ ಎಂದೂ ತೋರಿಸಬೇಕು. ಕೆಲಸದ ಮುಕ್ಕಾಲು ಪಾಲು ಈ ಎರಡನೆಯದರಲ್ಲೇ ಇದೆ.

ಹುಡುಕಾಟ ಯಾವಾಗಲೂ ಈ ಕಡೆಯಿಂದ ಆ ಕಡೆಗೆ, ಅಂದರೆ ಬದುಕಿರುವ ಹಿರಿಯರಿಂದ ಹಿಂದಕ್ಕೆ, ಒಂದೊಂದೇ ತಲೆಮಾರಾಗಿ ಸಾಗಬೇಕು. ಹದಿನೇಳನೆಯ ಶತಮಾನದ ಯಾರೋ ಶ್ರೀಮಂತನನ್ನು ಹಿಡಿದು ಅವನಿಂದ ಕೆಳಗೆ ಇಳಿಯಲು ಹೋದವರು ಬೇರೆಯವರ ಮನೆಗೆ ಹೋಗಿ ಮುಟ್ಟುವುದೇ ಹೆಚ್ಚು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ, ಮದುವೆ, ಮರಣ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಸ್ಕಾಟ್ಲೆಂಡಿನಲ್ಲಿ ಅದು 1855ರಲ್ಲಿ ಬಂತು, ಅಲ್ಲಿಯ ಕ್ರಮವೇ ಬೇರೆ. ಎರಡನ್ನೂ ಒಂದೇ ಎಂದುಕೊಳ್ಳಬಾರದು. ಇಂಗ್ಲೆಂಡಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ತವರಿನ ಹೆಸರು (ಮದುವೆಗೆ ಮೊದಲಿನ ಮನೆತನದ ಹೆಸರು) ಇರುತ್ತದೆ. ಅದನ್ನು ಹಿಡಿದು ತಂದೆತಾಯಿಯ ಮದುವೆಯನ್ನು ಹುಡುಕಬೇಕು. ಮದುವೆಯ ದಾಖಲೆಯಲ್ಲಿ ವಧುವರರಿಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತದೆ (ತಾಯಂದಿರ ಹೆಸರು ಸೇರಿದ್ದು 2021ರ ಮೇ ತಿಂಗಳಿಂದ ಈಚೆಗೆ). ಅಲ್ಲಿಂದ ಮತ್ತೆ ಜನನಕ್ಕೆ. ಜನನ, ಮದುವೆ, ಜನನ ಎಂಬ ಈ ಸುತ್ತಿನಲ್ಲೇ 1837ರವರೆಗೆ ಹೋಗಬಹುದು. ಮರಣ ಪ್ರಮಾಣಪತ್ರದಲ್ಲಿ ಸಾಮಾನ್ಯವಾಗಿ ತಂದೆತಾಯಿಯ ಹೆಸರು ಇರುವುದಿಲ್ಲ. ಆದರೆ ಸತ್ತದ್ದು ಚಿಕ್ಕ ಮಗುವಾದರೆ ಕಸುಬಿನ ಅಂಕಣದಲ್ಲಿ ‘ಕೂಲಿಯಾಳು ಇಂಥವನ ಮಗ’ ಎಂದು ಬರೆದಿರುತ್ತಾರೆ. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಸೂಚಿಗಳು ಮೂರು ತಿಂಗಳಿಗೊಂದರಂತೆ ಇವೆ: ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್. ಅವು ಹೇಳುವುದು ಹುಟ್ಟಿದ ದಿನವನ್ನಲ್ಲ, ನೋಂದಾಯಿಸಿದ ದಿನವನ್ನು. ಜನನ ನೋಂದಣಿಗೆ 42 ದಿನಗಳ ಅವಕಾಶ ಇದ್ದುದರಿಂದ ಫೆಬ್ರುವರಿ ಕೊನೆಯಲ್ಲಿ ಹುಟ್ಟಿದ ಮಗು ಜೂನ್ ಸೂಚಿಯಲ್ಲಿ ಇರಬಹುದು. ಹಳೆಯ ಮುದ್ರಿತ ಸೂಚಿಯಲ್ಲಿ ತಾಯಿಯ ತವರಿನ ಹೆಸರು ಬರುವುದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ ಮಾತ್ರ. ಆದರೆ ಸರ್ಕಾರಿ ನೋಂದಣಿಯ ಕೇಂದ್ರ ಕಚೇರಿಯಾದ ಜನರಲ್ ರಿಜಿಸ್ಟರ್ ಆಫೀಸ್ ತಾನೇ ಸಿದ್ಧಪಡಿಸಿದ ಹೊಸ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೇ ಅದು ಸಿಗುತ್ತದೆ. ಮನೆತನದ ಹೆಸರು ಮತ್ತು ತವರಿನ ಹೆಸರು ಎರಡನ್ನೂ ಕೊಟ್ಟು ಹುಡುಕಿದರೆ ಒಂದೇ ದಂಪತಿಯ ಮಕ್ಕಳೆಲ್ಲ ಸಾಲಾಗಿ ಕಾಣುತ್ತಾರೆ, ಎಳವೆಯಲ್ಲೇ ತೀರಿಕೊಂಡು ಯಾವ ಜನಗಣತಿಗೂ ಸಿಗದೆ ಹೋದವರೂ ಸೇರಿ. ತವರಿನ ಹೆಸರಿನ ಜಾಗ ಖಾಲಿ ಇದ್ದರೆ ಸಾಮಾನ್ಯವಾಗಿ ತಾಯಿಗೆ ಮದುವೆ ಆಗಿರಲಿಲ್ಲ ಎಂದರ್ಥ. ನೋಂದಾಯಿಸದಿದ್ದರೆ ದಂಡ ಎಂಬ ನಿಯಮ ಬಿಗಿಯಾದದ್ದು 1875ರಿಂದ. ಅದಕ್ಕೂ ಮೊದಲಿನ ಮಗು ಸೂಚಿಯಲ್ಲಿ ಸಿಗದಿದ್ದರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ನೋಡಬೇಕು.

ಈಗ ಜನಗಣತಿ. 1801ರಿಂದ ಹತ್ತು ವರ್ಷಕ್ಕೊಮ್ಮೆ ಎಣಿಕೆ ನಡೆದಿದ್ದರೂ ಮೊದಲ ನಾಲ್ಕರಲ್ಲಿ ಬಹುತೇಕ ತಲೆಲೆಕ್ಕವಷ್ಟೇ. ದೇಶದಾದ್ಯಂತ ಎಲ್ಲರ ಹೆಸರೂ ಸಿಗುವುದು 1841ರ ಜೂನ್ 6ರಿಂದ. ಅದನ್ನು ಬಳಸುವವರು ಮೂರು ಸಂಗತಿ ನೆನಪಿಡಬೇಕು. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಕೆಳಗಿಳಿಸಿ ಬರೆಯಬೇಕೆಂಬ ಸೂಚನೆ ಇತ್ತು. 44 ಆದವನು 40, 49 ಆದವಳು 45. ಎಲ್ಲ ಗಣತಿದಾರರೂ ಇದನ್ನು ಪಾಲಿಸಲಿಲ್ಲ ಎನ್ನುವುದು ಬೇರೆ ಮಾತು. ಹುಟ್ಟಿದ ಊರಿನ ಬದಲು, ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ವಿಭಾಗದಲ್ಲಿ) ಹುಟ್ಟಿದವರೇ ಎಂಬುದಕ್ಕೆ ಹೌದು ಅಥವಾ ಇಲ್ಲ ಅಷ್ಟೇ ಇದೆ. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಸಂಬಂಧದ ಅಂಕಣವೇ ಇಲ್ಲ. 40ರ ಗಂಡಸು, 40ರ ಹೆಂಗಸು, ಕೆಳಗೆ ನಾಲ್ಕು ಮಕ್ಕಳು ಎಂದಿದ್ದರೆ ಅವರು ಗಂಡ ಹೆಂಡತಿ ಎಂದು ಯಾರೂ ಹೇಳಿಲ್ಲ. ಅಣ್ಣ ತಂಗಿ ಇರಬಹುದು, ಆ ಮಕ್ಕಳು, ತೀರಿಕೊಂಡ ಇನ್ನೊಬ್ಬ ತಮ್ಮನವರಿರಬಹುದು.

1851ರ ಮಾರ್ಚ್ 30ರ ಗಣತಿಯಿಂದ ಪುಟ ತುಂಬಿಕೊಳ್ಳುತ್ತದೆ. ಬೀದಿ ಅಥವಾ ಮನೆ, ಹೆಸರು, ಯಜಮಾನನೊಂದಿಗಿನ ಸಂಬಂಧ, ಮದುವೆ ಆಗಿದೆಯೇ, ಗಂಡು ಹೆಣ್ಣಿಗೆ ಪ್ರತ್ಯೇಕ ಅಂಕಣಗಳಲ್ಲಿ ವಯಸ್ಸು, ಕಸುಬು, ಹುಟ್ಟಿದ ಕೌಂಟಿ ಮತ್ತು ಊರು, ಕೊನೆಯಲ್ಲಿ ಕುರುಡು ಅಥವಾ ಕಿವುಡು ಮೂಗು. ಸಂಬಂಧ ಹೇಳಿರುವುದು ಮನೆಯ ಯಜಮಾನನಿಗೆ ಮಾತ್ರ. ‘ಮಗ’ ಎಂದರೆ ಯಜಮಾನನ ಮಗ. ಪಕ್ಕದಲ್ಲಿ ‘ಹೆಂಡತಿ’ ಎಂದಿರುವವಳೇ ಅವನ ತಾಯಿ ಎಂಬುದಕ್ಕೆ ಆಧಾರವಿಲ್ಲ. ಹೆಂಡತಿಯ ವಯಸ್ಸು 28, ಹಿರಿಮಗನ ವಯಸ್ಸು 15 ಇದ್ದರೆ ಮೊದಲ ಹೆಂಡತಿ ತೀರಿಕೊಂಡಿರಬೇಕು. ಆ ಕಾಲದ ಪುಟಗಳಲ್ಲಿ ‘ಸನ್ ಇನ್ ಲಾ’ ಎಂದು ಹತ್ತು ವರ್ಷದ ಹುಡುಗನ ಮುಂದೆ ಬರೆದಿದ್ದರೆ ಅವನು ಅಳಿಯನಲ್ಲ, ಹೆಂಡತಿಯ ಮೊದಲ ಗಂಡನ ಮಗ.

ನಾವು ನೋಡುವ 1841ರಿಂದ 1901ರವರೆಗಿನ ಪುಟಗಳು ಮನೆಯವರು ಬರೆದವಲ್ಲ. ಮನೆಮನೆಗೆ ಕೊಟ್ಟ ನಮೂನೆಗಳನ್ನು ಗಣತಿದಾರ ಒಟ್ಟುಮಾಡಿ ತನ್ನ ಪುಸ್ತಕಕ್ಕೆ ನಕಲು ಮಾಡಿದ. ಆ ನಮೂನೆಗಳು ಉಳಿದಿಲ್ಲ. ಮನೆಯವರ ಕೈಬರಹವೇ ಸಿಗುವುದು 1911ರಿಂದ. ನಕಲು ಮಾಡಿದ ಪುಸ್ತಕದ ಮೇಲೆ ಲಂಡನ್ನಿನ ಗುಮಾಸ್ತರು ಲೆಕ್ಕ ಹಾಕುತ್ತ ವಯಸ್ಸಿನ ಮೇಲೆಯೇ ಗೀಟು ಎಳೆದಿದ್ದಾರೆ. ಆ ಗೀಟಿನಿಂದ 3 ಎಂಬುದು 8 ಆಗಿ, 1 ಎಂಬುದು 4 ಆಗಿ ಕಾಣುತ್ತದೆ. ಸೂಚಿ ತಯಾರಿಸಿದವರು ಹಾಗೆಯೇ ಓದಿರುತ್ತಾರೆ. ಚಿತ್ರವನ್ನು ದೊಡ್ಡದು ಮಾಡಿ, ಅದೇ ಪುಟದ ಬೇರೆ ಅಂಕಿಗಳನ್ನು ಆ ಗಣತಿದಾರ ಹೇಗೆ ಬರೆದಿದ್ದಾನೆ ಎಂದು ಹೋಲಿಸಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಹೆಸರುಗಳ ಎಡಬದಿಯ ಓರೆಗೆರೆಗಳನ್ನೂ ಗಮನಿಸಬೇಕು: ಎರಡು ಗೆರೆ ಎಂದರೆ ಮನೆ ಮುಗಿಯಿತು, ಒಂದೇ ಗೆರೆ ಎಂದರೆ ಅದೇ ಕಟ್ಟಡದೊಳಗೆ ಬೇರೆ ಸಂಸಾರ. ಸೂಚಿಯಲ್ಲಿ ಇವು ಯಾವುವೂ ಬರುವುದಿಲ್ಲ. ಕುಟುಂಬ ಪುಟದ ಕೊನೆಯಲ್ಲಿ ತುಂಡಾಗಿದ್ದರೆ ಮುಂದಿನ ಪುಟ ತಿರುಗಿಸಲು ಮರೆಯಬಾರದು. ಕಿರಿಯ ಮಕ್ಕಳು ಅಲ್ಲಿರುತ್ತಾರೆ.

ಹೆಸರು ಸಿಗದಾಗ ಮನೆತನದ ಹೆಸರನ್ನೇ ಬಿಟ್ಟು ಹುಡುಕುವುದು ಒಳ್ಳೆಯ ಉಪಾಯ. ಮೊದಲ ಹೆಸರು, ವಯಸ್ಸು, ಹುಟ್ಟಿದ ಊರು ಅಷ್ಟೇ ಕೊಡಿ. ಮಕ್ಕಳಲ್ಲಿ ಅಪರೂಪದ ಹೆಸರಿನ ಮಗುವನ್ನು ಹಿಡಿಯಿರಿ. ಜಾನ್‌ಗಿಂತ ಎಬೆನೀಜರ್ ಬೇಗ ಸಿಗುತ್ತಾನೆ. ಹಕಾರ ನುಂಗಿ ಮಾತಾಡುವ ಕಡೆ ಹಾಸ್ಕಿನ್ಸ್ ಎಂಬುದು ಆಸ್ಕಿನ್ಸ್ ಆಗಿ ದಾಖಲಾಗಿರುತ್ತದೆ. ಓದಲು ಬಾರದ ಕುಟುಂಬಕ್ಕೆ ಕಾಗುಣಿತದ ಗೊಡವೆ ಇರಲಿಲ್ಲ. ಬರೆದವನ ಕಿವಿಗೆ ಬಿದ್ದದ್ದೇ ಹೆಸರು. ಮೇರಿ ಒಂದು ಗಣತಿಯಲ್ಲಿ ಪಾಲಿ, ಮಾರ್ಗರೆಟ್ ಪೆಗ್ಗಿ, ಸಾರಾ ಸ್ಯಾಲಿ, ಆನ್ ನ್ಯಾನ್ಸಿ ಆಗುವುದು ಸಾಮಾನ್ಯ. ಹುಟ್ಟಿದ ಊರಿನ ವಿಷಯದಲ್ಲಿ, ವ್ಯಕ್ತಿ ಬಾಲಕನಾಗಿದ್ದಾಗಿನ ಗಣತಿಗೆ ಹೆಚ್ಚು ಬೆಲೆ ಕೊಡಬೇಕು, ಏಕೆಂದರೆ ಆಗ ಹೇಳಿದ್ದು ತಂದೆತಾಯಿ. ದೊಡ್ಡವನಾಗಿ ದೂರದ ನಗರ ಸೇರಿದವನು ಹಳ್ಳಿಯ ಬದಲು ಹತ್ತಿರದ ಪೇಟೆಯ ಹೆಸರು ಹೇಳಿಬಿಡುತ್ತಾನೆ, ಅಥವಾ ತಾನು ಬೆಳೆದ ಊರನ್ನೇ ಹುಟ್ಟಿದ ಊರು ಎಂದುಕೊಂಡಿರುತ್ತಾನೆ.

1911ರ ನಮೂನೆ ಒಂದು ಕಾರಣಕ್ಕೆ ಬಹಳ ಮುಖ್ಯ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು ಎಂದು ವಿವಾಹಿತ ಹೆಣ್ಣುಮಕ್ಕಳ ಸಾಲಿನಲ್ಲಿ ಕೇಳಿದ್ದಾರೆ. ಕೆಲವು ವಿಧುರರು, ವಿಧವೆಯರು ಕೇಳದಿದ್ದರೂ ತುಂಬಿದ್ದಾರೆ. ಅಧಿಕಾರಿಗಳು ಅದರ ಮೇಲೆ ಗೆರೆ ಎಳೆದಿದ್ದಾರೆ, ಆದರೂ ಓದಬಹುದು. 1921ರ ಗಣತಿ ಜೂನ್ 19ರಂದು ನಡೆಯಿತು. ಅದರಲ್ಲಿ ಕೆಲಸ ಕೊಟ್ಟವರ ಹೆಸರೂ ಇದೆ, ವಯಸ್ಸು ವರ್ಷ ಮತ್ತು ತಿಂಗಳಲ್ಲಿದೆ. ಅದರ ನಂತರ ದೊಡ್ಡ ಕಂದಕ. 1931ರ ಪುಸ್ತಕಗಳು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾದವು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ, ಮುಂದಿನವು ನೂರು ವರ್ಷದ ಬೀಗದೊಳಗಿವೆ. ಈ ಜಾಗ ತುಂಬುವುದು 1939ರ ಸೆಪ್ಟೆಂಬರ್ 29ರಂದು ಸಿದ್ಧವಾದ, ದೇಶದ ಜನರ ಯುದ್ಧಕಾಲದ ರಿಜಿಸ್ಟರ್. ಅದರಲ್ಲಿ ಪೂರ್ತಿ ಜನ್ಮದಿನಾಂಕ ಇದೆ. ಮುಂದೆ ಅದನ್ನು ಆರೋಗ್ಯ ಸೇವೆಯ ಕೆಲಸಕ್ಕೂ ಬಳಸಿದ್ದರಿಂದ, ಆಮೇಲೆ ಮದುವೆಯಾದ ಹೆಣ್ಣುಮಕ್ಕಳ ಹೊಸ ಹೆಸರನ್ನು ಹಳೆಯದರ ಮೇಲೆ ಬರೆದಿರುತ್ತಾರೆ. ಬದುಕಿರಬಹುದಾದವರ ಸಾಲುಗಳನ್ನು ಮುಚ್ಚಿದ್ದಾರೆ.

1837ರಿಂದ ಹಿಂದೆ ಹೋಗಬೇಕಾದರೆ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು) ರಿಜಿಸ್ಟರ್‌ಗಳೇ ಮುಖ್ಯ ಆಸರೆ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪಾದ್ರಿಯೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು ಆದೇಶಿಸಿದ. ಅಷ್ಟು ಹಳೆಯ ಪುಸ್ತಕ ಉಳಿದಿರುವ ಊರುಗಳು ಕಡಿಮೆ. 1598ರಿಂದ ಪ್ರತಿವರ್ಷ ನಕಲೊಂದನ್ನು ಬಿಷಪ್‌ಗೆ ಕಳಿಸುವ ಕ್ರಮ ಬಂತು. ಮೂಲ ಪುಸ್ತಕ ಒದ್ದೆಯಾಗಿಯೋ ಇಲಿ ತಿಂದೋ ಹೋದ ಕಡೆ ಈ ಬಿಷಪ್ ಪ್ರತಿಗಳೇ ಗತಿ. ಎರಡೂ ಇದ್ದರೆ ಎರಡನ್ನೂ ನೋಡಬೇಕು. ಪಾದ್ರಿ ಒಂದರಲ್ಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ಬರೆದಿರುತ್ತಾನೆ. ಅಂತರ್ಯುದ್ಧ ಮತ್ತು ಗಣರಾಜ್ಯದ ಕಾಲದಲ್ಲಿ, ಅಂದರೆ 1642ರಿಂದ 1660ರವರೆಗೆ, ಬಹಳಷ್ಟು ಪುಸ್ತಕಗಳಲ್ಲಿ ಪುಟಗಳೇ ಖಾಲಿ.

ಹಳೆಯ ದಿನಾಂಕಗಳು ಎಂಥವರನ್ನೂ ಎಡವಿಸುತ್ತವೆ. 1752ಕ್ಕೆ ಮೊದಲು ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ರಿಜಿಸ್ಟರಿನಲ್ಲಿ 1731ರ ಫೆಬ್ರುವರಿ 10 ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1732. ಒಂದೇ ದಂಪತಿಯ ಮಗುವಿಗೆ 1731ರ ಏಪ್ರಿಲ್‌ನಲ್ಲಿ ದೀಕ್ಷಾಸ್ನಾನ, 1731ರ ಫೆಬ್ರುವರಿಯಲ್ಲಿ ಸಮಾಧಿ ಎಂದು ಕಂಡಾಗ ಸೂಚಿಯನ್ನು ಮಾತ್ರ ನೋಡುವವರು ಇವು ಎರಡು ಬೇರೆ ಮಕ್ಕಳದೆಂದು ತೀರ್ಮಾನಿಸುತ್ತಾರೆ. ಅದು ಹತ್ತು ತಿಂಗಳು ಬದುಕಿದ ಒಂದೇ ಕೂಸು. ಬರೆದುಕೊಳ್ಳುವಾಗ 1731/32 ಎಂದು ಎರಡನ್ನೂ ನಮೂದಿಸುವುದು ರೂಢಿ, ಅದನ್ನೇ ಪಾಲಿಸಿ. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನ 14 ಆಯಿತು ಎಂಬುದೂ ನೆನಪಿರಲಿ. 1733ಕ್ಕೆ ಮೊದಲಿನ ಕೆಲವು ಪುಸ್ತಕಗಳು ಲ್ಯಾಟಿನ್‌ನಲ್ಲಿವೆ. ಗುಲಿಯೆಲ್ಮುಸ್ ಎಂದರೆ ವಿಲಿಯಂ, ಯಾಕೋಬುಸ್ ಎಂದರೆ ಜೇಮ್ಸ್.

ಲಾರ್ಡ್ ಹಾರ್ಡ್‌ವಿಕ್ ತಂದ ವಿವಾಹ ಕಾಯ್ದೆ 1754ರ ಮಾರ್ಚ್ 25ರಿಂದ ಜಾರಿಗೆ ಬಂತು. ಅಲ್ಲಿಂದ ಮದುವೆಗೆ ಬೇರೆಯೇ ಪುಸ್ತಕ, ವಧುವರರ ಸಹಿ ಅಥವಾ ಗುರುತು, ಸಾಕ್ಷಿಗಳ ಸಹಿ. ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಹೇಳಬೇಕು, ಇಲ್ಲವೇ ಲೈಸೆನ್ಸ್ ಪಡೆಯಬೇಕು. ಮದುವೆ ಸಾಮಾನ್ಯವಾಗಿ ಹೆಣ್ಣಿನ ಊರಿನಲ್ಲೇ ಆಗುತ್ತಿತ್ತು. ಗಂಡಿನ ಊರಿನಲ್ಲಿ ಸಿಗದಿದ್ದರೆ ಗಾಬರಿ ಬೇಡ. ಕೂಗಿ ಹೇಳಿದ ಪುಸ್ತಕದಲ್ಲಿ ಇನ್ನೊಬ್ಬರ ಊರಿನ ಹೆಸರು ಇರುತ್ತದೆ. ಸಾಕ್ಷಿಗಳ ಹೆಸರನ್ನು ಯಾರೂ ನಕಲು ಮಾಡಿಕೊಳ್ಳುವುದಿಲ್ಲ, ಅದು ದೊಡ್ಡ ನಷ್ಟ. ಅವರು ಅಣ್ಣತಮ್ಮಂದಿರೋ ಅಕ್ಕತಂಗಿಯರೋ ಆಗಿರುವುದು ಹೆಚ್ಚು. ಪ್ರತಿ ಮದುವೆಯಲ್ಲೂ ಅದೇ ಹೆಸರಿದ್ದರೆ ಮಾತ್ರ ಅವನು ಚರ್ಚಿನ ಸಿಬ್ಬಂದಿ ಎಂದು ಬಿಡಬಹುದು. 1813ರ ಜನವರಿಯಿಂದ ದೀಕ್ಷಾಸ್ನಾನ, ಸಮಾಧಿಗಳಿಗೂ ಮುದ್ರಿತ ನಮೂನೆ ಬಂತು: ದೀಕ್ಷಾಸ್ನಾನಕ್ಕೆ ವಾಸಸ್ಥಳ ಮತ್ತು ತಂದೆಯ ಕಸುಬು, ಸಮಾಧಿಗೆ ವಾಸಸ್ಥಳ ಮತ್ತು ವಯಸ್ಸು. ಅದಕ್ಕೂ ಹಿಂದೆ ‘ಜಾನ್, ವಿಲಿಯಂನ ಮಗ’ ಎಂಬ ಒಂದೇ ಸಾಲು, ತಾಯಿಯ ಹೆಸರೂ ಇಲ್ಲದೆ, ಧಾರಾಳವಾಗಿ ಸಿಗುತ್ತದೆ. ದೀಕ್ಷಾಸ್ನಾನದ ದಿನವನ್ನು ಹುಟ್ಟಿದ ದಿನವೆಂದು ಬರೆಯುವುದೂ ತಪ್ಪು. ಮೂರ್ನಾಲ್ಕು ಮಕ್ಕಳಿಗೆ ಒಂದೇ ದಿನ ಮಾಡಿಸಿದ್ದುಂಟು. 1783ರಿಂದ 1794ರವರೆಗೆ ಪ್ರತಿ ದಾಖಲೆಗೂ 3 ಪೆನ್ಸ್ ತೆರಿಗೆ ಇತ್ತು, ಬಡವರಿಗೆ ವಿನಾಯಿತಿ. ತೆರಿಗೆ ತಪ್ಪಿಸಲು ತಡಮಾಡಿದವರೂ ಇದ್ದಾರೆ, ಬಡವರೆಂದು ಬರೆಸಿಕೊಂಡವರೂ ಇದ್ದಾರೆ.

ಲೇಖನ ಹೇಳಿದ ಒಂದು ಮಾತನ್ನಂತೂ ಒಪ್ಪಲಾಗದು: ಬಡವರಿಗೆ ದಾಖಲೆ ಇಲ್ಲ ಎಂಬುದು. 1662ರ ಸೆಟಲ್‌ಮೆಂಟ್ ಕಾಯ್ದೆಯಿಂದಾಗಿ, ಕೈ ಸೋತವನನ್ನು ಯಾವ ಪ್ಯಾರಿಷ್ ಸಾಕಬೇಕು ಎಂಬ ಜಗಳ ನಡೆಯುತ್ತಲೇ ಇತ್ತು. ಅಂಥವನನ್ನು ನ್ಯಾಯಾಧಿಕಾರಿಗಳ ಮುಂದೆ ಕೂರಿಸಿ ಎಲ್ಲಿ ಹುಟ್ಟಿದೆ, ಯಾರ ಬಳಿ ಕಸುಬು ಕಲಿತೆ, ಪೂರಾ ಒಂದು ವರ್ಷ ಯಾರ ಮನೆಯಲ್ಲಿ ದುಡಿದೆ, ಎಷ್ಟು ಬಾಡಿಗೆ ಕೊಟ್ಟೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಒಬ್ಬ ಕೂಲಿಯಾಳಿನ ಇಡೀ ಬದುಕು ಅರ್ಧ ಪುಟದಲ್ಲಿ, ಕೊನೆಗೆ ಅವನ ಹೆಬ್ಬೆರಳಷ್ಟು ದೊಡ್ಡ ಗುರುತಿನೊಂದಿಗೆ, ಇಲ್ಲಿ ಸಿಗುತ್ತದೆ. ಮದುವೆಯಾಗದ ತಾಯಿಯ ಮಗುವಿಗೆ ತಂದೆ ಯಾರೆಂದು ಹೇಳುವ ಜಾಮೀನು ಪತ್ರಗಳೂ ಇದೇ ಪ್ಯಾರಿಷ್ ಕಾಗದಗಳಲ್ಲಿ ಇರುತ್ತವೆ. ಇವು ಕೌಂಟಿ ದಾಖಲೆ ಕಚೇರಿಗಳಲ್ಲಿವೆ. ಎಲ್ಲವೂ ಆನ್‌ಲೈನ್‌ಗೆ ಬಂದಿಲ್ಲ.

ಬ್ಯಾಪ್ಟಿಸ್ಟ್, ಕ್ವೇಕರ್ ಮುಂತಾಗಿ ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನಿಂದ ಬೇರೆಯಾದ ಪಂಗಡಗಳವರ ಮಕ್ಕಳು ಪ್ಯಾರಿಷ್ ಪುಸ್ತಕದಲ್ಲಿ ಸಿಗದಿರಬಹುದು. ಅವರ ಹಳೆಯ ಪುಸ್ತಕಗಳನ್ನು ಸರ್ಕಾರ ತರಿಸಿಕೊಂಡಿತ್ತು. ಈಗ ಲಂಡನ್ನಿನ ಕ್ಯೂ ಎಂಬಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆರ್‌ಜಿ 4 ಮತ್ತು ಕ್ವೇಕರರದ್ದು ಆರ್‌ಜಿ 6 ಸರಣಿಯಲ್ಲಿವೆ. ಆದರೆ 1754ರಿಂದ 1837ರವರೆಗೆ ಕ್ವೇಕರರು ಮತ್ತು ಯಹೂದಿಗಳನ್ನು ಬಿಟ್ಟು ಎಲ್ಲರೂ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಹಾಗಾಗಿ ಬ್ಯಾಪ್ಟಿಸ್ಟ್ ಮುಂತಾದವರ ಮದುವೆ ಸಿಗುವುದು ಅಲ್ಲೇ.

ತಪ್ಪು ಹೇಗೆ ನುಸುಳುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ. 1881ರ ಏಪ್ರಿಲ್ 3ರ ಗಣತಿಯಲ್ಲಿ ರಾಬರ್ಟ್ ಎಂಬ ಬಡಗಿ, ವಯಸ್ಸು 34, ನಾರ್ಫೋಕ್‌ನ ಒಂದು ಹಳ್ಳಿಯಲ್ಲಿ ಹುಟ್ಟಿದವನು ಎಂದಿದೆ. ಹೇಳಿದ ವಯಸ್ಸು ಸರಿಯಿದ್ದರೆ ಅವನು 1846ರ ಏಪ್ರಿಲ್ 4 ಮತ್ತು 1847ರ ಏಪ್ರಿಲ್ 3ರ ನಡುವೆ ಹುಟ್ಟಿರಬೇಕು; ಜಾಗ್ರತೆಗೆ ಎರಡೂ ಬದಿಗೆ ಎರಡು ವರ್ಷ ಸೇರಿಸಿ ಹುಡುಕಬೇಕು. ಆ ಹಳ್ಳಿಯಲ್ಲಿ 1846ರ ಮೇ ತಿಂಗಳಲ್ಲಿ ವಿಲಿಯಂ ಮತ್ತು ಮೇರಿಯ ಮಗ ರಾಬರ್ಟ್‌ಗೆ ದೀಕ್ಷಾಸ್ನಾನ ಆಗಿದೆ. ಮನೆತನದ ಹೆಸರು ಒಂದೇ, ಹಳ್ಳಿ ಒಂದೇ, ವರ್ಷವೂ ಸರಿ. ಆನ್‌ಲೈನ್ ವಂಶವೃಕ್ಷಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಸಮಾಧಿ ಪುಸ್ತಕ ತೆರೆದರೆ 1848ರ ನವೆಂಬರಿನಲ್ಲಿ ಅದೇ ಹಳ್ಳಿಯ ರಾಬರ್ಟ್, ವಯಸ್ಸು 2. ಸಮಾಧಿ ನಮೂನೆಯಲ್ಲಿ ತಂದೆಯ ಹೆಸರಿಲ್ಲ. ಮೇಲೆ ಹೇಳಿದ ಮರಣ ಪ್ರಮಾಣಪತ್ರ ತರಿಸಿದರೆ ‘ಕೂಲಿಯಾಳು ವಿಲಿಯಂನ ಮಗ’ ಎಂದಿರುತ್ತದೆ. ಮೊದಲನೆಯವನು ಹೋದ. ಪಕ್ಕದ ಹಳ್ಳಿಯ ಪುಸ್ತಕದಲ್ಲಿ 1847ರ ಜನವರಿಯಲ್ಲಿ ಥಾಮಸ್ ಮತ್ತು ಆನ್‌ಗೆ ರಾಬರ್ಟ್ ಎಂಬ ಮಗ ಇದ್ದಾನೆ. 1851ರಲ್ಲಿ 4, 1861ರಲ್ಲಿ 14 ವಯಸ್ಸಿನ ರಾಬರ್ಟ್ ಆ ಥಾಮಸ್‌ನ ಮನೆಯಲ್ಲಿ ಸಿಗುತ್ತಾನೆಯೇ ನೋಡಬೇಕು. ಬಡಗಿ ರಾಬರ್ಟ್‌ನ ಮದುವೆ ದಾಖಲೆಯಲ್ಲಿ ತಂದೆ ಥಾಮಸ್, ಬಡಗಿ ಎಂದಿದ್ದರೆ ಕೊಂಡಿ ಬಿಗಿಯಾಯಿತು. ಇನ್ನೂ ಒಂದು ಸಾಧ್ಯತೆ ತಳ್ಳಿಹಾಕಬೇಕು: ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಅಲ್ಲಿ ಮಾಮೂಲು. ವಿಲಿಯಂ ಮತ್ತು ಮೇರಿಗೆ 1849ರಲ್ಲಿ ಇನ್ನೊಬ್ಬ ರಾಬರ್ಟ್ ಹುಟ್ಟಿದ್ದರೆ ಅವನೂ ಲೆಕ್ಕಕ್ಕೆ ಬರುತ್ತಾನೆ.

ಹಣ ಕೊಟ್ಟು ಚಂದಾದಾರರಾಗುವ ಮೊದಲು ಫ್ಯಾಮಿಲಿಸರ್ಚ್, ಫ್ರೀಬಿಎಂಡಿ, ಫ್ರೀರೆಗ್ ಎಂಬ ವೆಬ್‌ಸೈಟ್‌ಗಳನ್ನು ಮುಗಿಸಿಕೊಳ್ಳಿ, ಮೂರೂ ಉಚಿತ. ಯಾವ ಕೌಂಟಿಯ ಮೂಲ ಪುಟಗಳ ಚಿತ್ರ ಆನ್ಸೆಸ್ಟ್ರಿಯಲ್ಲಿದೆ, ಯಾವುದು ಫೈಂಡ್‌ಮೈಪಾಸ್ಟ್‌ನಲ್ಲಿದೆ ಎಂಬುದು ಕೌಂಟಿಯಿಂದ ಕೌಂಟಿಗೆ ಬೇರೆ, ಅದನ್ನು ನೋಡಿಯೇ ಹಣ ಕಟ್ಟಬೇಕು. 1858ರ ಜನವರಿ 12ಕ್ಕೆ ಮೊದಲಿನ ಉಯಿಲುಗಳು ಚರ್ಚ್ ನ್ಯಾಯಾಲಯಗಳಲ್ಲಿ ಹಂಚಿಹೋಗಿವೆ, ನಂತರದವು ಒಂದೇ ರಾಷ್ಟ್ರೀಯ ಸೂಚಿಯಲ್ಲಿವೆ.

ಪ್ರತಿ ಹೆಸರಿನ ಮುಂದೆ ಅದು ಸಿಕ್ಕ ದಾಖಲೆಯ ಗುರುತನ್ನೂ ಬರೆಯಿರಿ. 1881ರ ಗಣತಿಯಾದರೆ ಆರ್‌ಜಿ 11, ಅದರ ಮುಂದೆ ಪುಸ್ತಕದ ಸಂಖ್ಯೆ, ಫೋಲಿಯೊ (ಹಾಳೆಯ ಸಂಖ್ಯೆ), ಪುಟ. ಫೋಲಿಯೊ ಸಂಖ್ಯೆಯನ್ನು ಹಾಳೆಯ ಮುಂಬದಿಯ ಬಲ ಮೂಲೆಯಲ್ಲಿ ಮಾತ್ರ ಒತ್ತಿರುತ್ತಾರೆ, ಹಿಂಬದಿಗೂ ಅದೇ ಸಂಖ್ಯೆ. ಆದ್ದರಿಂದ ಪುಟಸಂಖ್ಯೆ ಬಿಟ್ಟರೆ ಮುಂದೆ ಯಾರಾದರೂ ಪರಿಶೀಲಿಸುವಾಗ ಎರಡು ಪುಟ ನೋಡಬೇಕಾಗುತ್ತದೆ.

ಲೇಖನದ ಮುಂದಿನ ಕಂತು ಇದ್ದರೆ ಗಣತಿಯ ಒಂದು ಮೂಲ ಪುಟದ ಚಿತ್ರವನ್ನು ಓದಬಹುದಾದಷ್ಟು ದೊಡ್ಡದಾಗಿ, ಅಂಕಣಗಳ ಕನ್ನಡ ವಿವರಣೆಯೊಂದಿಗೆ ಮುದ್ರಿಸಬೇಕೆಂದು ಕೋರುತ್ತೇನೆ.

ಇಂತಿ,
ಪತ್ರಿಕೆಯ ಓದುಗ